ಸೌತೆಕಾಯಿ ಉಪ್ಪನ್ನು ಕರೆದದ್ದು

ಅಂಬಕ್ಕನ ಅಡುಗೆಮನೆಯಲ್ಲಿ ಕೋಸಂಬರಿ ಎಂದರೆ ಸೌತೆಕಾಯಿಯದೇ ದರ್ಬಾರು. ಹಾಗಿರುವಾಗ ಒಂದು ದಿನ ಅವಳು ಹೆಚ್ಚಿದ ಸೌತೆಕಾಯಿಯ ಜೊತೆಗೆ ಒಣ ಏಪ್ರಿಕಾಟ್ ಹಣ್ಣಿನ ಚೂರುಗಳನ್ನೂ ಬಟ್ಟಲಿಗೆ ಹಾಕಿದಳು. ಮೇಲೆ ಸುರಿಯಲೆಂದು ಇನ್ನಷ್ಟು ಏಪ್ರಿಕಾಟನ್ನು ನಿಂಬೆರಸ, ಜೇನುತುಪ್ಪದೊಂದಿಗೆ ಅರೆದಿಟ್ಟಳು. "ಇವತ್ತು ಏಪ್ರಿಕಾಟ್ ಸಲಾಡ್" ಎಂದು ಮನೆಮಂದಿಗೆ ಸಾರಿ, ಎಲೆ ಹಾಕಲು ಹೋದಳು.

ಸೌತೆಕಾಯಿಗೆ ಹೊಟ್ಟೆ ಉರಿಯಿತು. ಬಟ್ಟಲು ತುಂಬಿದ್ದು ತಾನು, ಹೆಸರು ಮಾತ್ರ ಈ ಸುಕ್ಕುಮೋರೆಯದು.

"ಉಪ್ಪೇ, ಈಗಲೇ ಬಾ. ಇದರ ಸಿಹಿಯನ್ನು ಕೆಡಿಸು" ಎಂದಿತು.

"ಬಡಿಸುವ ಹೊತ್ತಿಗೇ ನನ್ನನ್ನು ಬೆರೆಸುವುದು ಈ ಮನೆಯ ಪದ್ಧತಿ. ಅದು ನಿನ್ನ ಒಳ್ಳೆಯದಕ್ಕೇ ಇರುವುದು" ಎಂದಿತು ಉಪ್ಪು.

"ನನ್ನ ಒಳ್ಳೆಯದು ನನಗೆ ಗೊತ್ತು. ನೀನು ಬಾ."

ಉಪ್ಪು ಬಟ್ಟಲಿಗೆ ಇಳಿಯಿತು. ಏಪ್ರಿಕಾಟ್ ಈಗ ಕೆಡುತ್ತದೆ, ಇನ್ನೇನು ಕೆಡುತ್ತದೆ ಎಂದು ಸೌತೆಕಾಯಿ ಅದನ್ನೇ ನೋಡುತ್ತ ಕೂತಿತು. ತನ್ನ ಮೈಯಿಂದ ನೀರು ಇಳಿದು ಬಟ್ಟಲ ತಳ ಸೇರುತ್ತಿದ್ದುದು ಅದರ ಗಮನಕ್ಕೇ ಬರಲಿಲ್ಲ. ಏಪ್ರಿಕಾಟ್ ಆ ನೀರನ್ನೆಲ್ಲ ಕುಡಿಯಿತು. ಅದರ ಸುಕ್ಕು ಹೋಯಿತು, ಮೈ ತುಂಬಿಕೊಂಡಿತು.

ಅಂಬಕ್ಕ ಬಂದು ರುಚಿ ನೋಡಿದಳು. "ಸೌತೆಕಾಯಿ ಯಾಕೋ ಸೊರಗಿದೆ. ಈ ಹಣ್ಣು ನೋಡು, ಒಣಗಿದ್ದರೂ ಎಷ್ಟು ರಸ ಇಟ್ಟುಕೊಂಡಿತ್ತು" ಎಂದಳು.

ಆ ರಸ ನನ್ನದು ಎಂದು ಹೇಳಲು ಸೌತೆಕಾಯಿಗೆ ಬಾಯಿಯವರೆಗೆ ಮಾತು ಬಂತು. ಹೇಳಿದರೆ ಉಪ್ಪನ್ನು ಕರೆದವರು ಯಾರೆಂದೂ ಹೇಳಬೇಕಾಗುತ್ತಿತ್ತು.