ಮಂಜಿನೊಳಗೆ ಗಂಟೆ ಬಾರಿಸಿದವನು

ಕಾಲು ಒಳಗೆ ಎಳ್ಕೋ ಮಗಾ, ಹೊದಿಕೆ ಸರಿಯಾಗಿ ಹೊದ್ಕೋ, ಹೇಳ್ತೀನಿ. ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿ ಹುಟ್ಟೋಕೂ ಎಷ್ಟೋ ಮುಂಚೆ, ಈಗ ಚೆಕ್ ದೇಶ ಅಂತಾರಲ್ಲ, ಅಲ್ಲಿ ಓಲ್ಶಿಂಕ ಅಂತ ಒಂದು ಪುಟ್ಟ ಹಳ್ಳಿ ಇತ್ತಂತೆ. ಊರ ಮುಂದೆ ಒಂದು ತೊರೆ, ತೊರೆಯಾಚೆ ಕಪ್ಪಗೆ ಕಾಡು ತುಂಬಿದ ಗುಡ್ಡ, ತೊರೆ ಹೋಗಿ ಬೀಳೋ ಕಡೆ ಒಂದು ಕೆರೆ, ಈಚೆ ದಡದಲ್ಲಿ ಇಪ್ಪತ್ತು ಮರದ ಮನೆ, ಒಂದು ಚರ್ಚು. ಆ ಚರ್ಚಿನ ಗಂಟೆ ಹೊಡೆಯೋನು ಮತ್ಯೇಯ್ ಅಂತ. ಅವನಿಗೆ ಅನೇಶ್ಕ ಅಂತ ಹೆಂಡತಿ, ಡೊರೋತ ಅಂತ ಎಂಟು ವರ್ಷದ ಮಗಳು.

ಆಗ ದೊಡ್ಡದೊಂದು ಯುದ್ಧ ಹತ್ಕೊಂಡಿತಂತೆ. ಸಿಪಾಯಿಗಳು ಊರೂರು ಸುಡ್ತಾ ಬರೋರಂತೆ, ಚರ್ಚಿನ ಗಂಟೆ ಸಿಕ್ಕಿದ್ರೆ ಕರಗಿಸಿ ಗುಂಡು ಹಾರಿಸೋ ತೋಪು ಮಾಡ್ಕೊಳ್ಳೋರಂತೆ. ಓಲ್ಶಿಂಕಕ್ಕೆ ಬಂದ ದಿನ ಮತ್ಯೇಯ್ ಒಂದೇ ಸಮನೆ ಗಂಟೆ ಹೊಡೆದನಂತೆ, ಅದನ್ನ ಕೇಳಿ ಊರವರೆಲ್ಲ ಮಕ್ಕಳುಮರಿ ಎತ್ಕೊಂಡು ತೊರೆ ದಾಟಿ ಕಾಡು ಸೇರಿದರಂತೆ. ಆಮೇಲೆ ಗಂಟೆ ನಿಂತಿತು, ಊರು ಉರೀತು, ಮತ್ಯೇಯ್ ಬರಲೇ ಇಲ್ಲ.

ಕಾಡಲ್ಲಿ ಬೇರು ತೊಗಟೆ ತಿಂದ್ಕೊಂಡು ಏಳು ವರ್ಷ ಕಳೆದರಂತೆ. ಎಷ್ಟೋ ಜನ ಅಲ್ಲೇ ಸತ್ತರು. ಆಮೇಲೆ ಯುದ್ಧ ಮುಗೀತು ಅಂತ ಸುದ್ದಿ ಬಂದು, ಉಳಿದವರು ಇಳಿದು ಬಂದ್ರೆ, ಅಯ್ಯೋ, ಊರೇ ಇಲ್ಲ. ಎದೆಯೆತ್ತರ ಹುಲ್ಲು, ಮುಳ್ಳು. ನನ್ನ ಮನೆ ಎಲ್ಲಿತ್ತು, ನಿನ್ನ ಮನೆ ಎಲ್ಲಿತ್ತು, ಯಾರಿಗೂ ತಿಳೀಲಿಲ್ಲ. ಚಳಿಗಾಲಕ್ಕೆ ಒಂದೇ ತಿಂಗಳು ಉಳಿದಿತ್ತು.

ಮಾರನೇ ದಿನ ನಡುಮಧ್ಯಾಹ್ನ, ಕೆರೆಯಿಂದ ಮಂಜು ಎದ್ದು ಬಂತಂತೆ, ಕೈ ಚಾಚಿದ್ರೆ ಕೈ ಕಾಣದಷ್ಟು. ಆ ಮಂಜಿನೊಳಗೆ ಢಣ್... ಢಣ್... ಅಂತ ಗಂಟೆ. ಚರ್ಚಿಲ್ಲ, ಗೋಪುರ ಇಲ್ಲ, ಗಂಟೆ ಎಲ್ಲಿಂದ?

ಮೊದಲು ಗಿರಣಿಯವನು ಹಾರೆ ಹೆಗಲಿಗೇರಿಸಿ ನೋಡ್ಕೊಂಡು ಬರ್ತೀನಿ ಅಂತ ಹೋದನಂತೆ. ಸಂಜೆ ವಾಪಸ್ ಬಂದಾಗ ಅವನ ತಲೆಗೂದಲೆಲ್ಲ ಬೆಳ್ಳಗೆ. ಎರಡನೇ ದಿನ ಕಮ್ಮಾರ ಸುತ್ತಿಗೆ ಹಿಡ್ಕೊಂಡು ಹೋದ. ಬಂದಾಗ ಅವನದೂ ತಲೆ ಬೆಳ್ಳಗೆ, ಹಲ್ಲು ಕಟಕಟ. ಇಬ್ಬರೂ ಹೇಳಿದ್ದು ಒಂದೇ. ಮಂಜಲ್ಲಿ ಯಾರೋ ಪಕ್ಕದಲ್ಲೇ ನಡೀತಾನೆ, ನೀನು ಯಾವ ಮನೆಯವನು ಅಂತ ಕೇಳ್ತಾನೆ, ಉತ್ತರ ಕೊಡೋಕೆ ಹೋದ್ರೆ ನಮ್ಮ ಹೆಸರೇ ನಮಗೆ ಮರೆತು ಹೋಗುತ್ತೆ.

ಈ ನೆಲ ನಮಗೆ ಬೇಡ, ಬೇರೆ ಕಡೆ ಹೋಗೋಣ ಅಂತ ಎಲ್ಲರೂ ಗಂಟುಮೂಟೆ ಕಟ್ಟಿದರಂತೆ. ಆದ್ರೆ ಅನೇಶ್ಕಳ ಕಾಲು ಕಾಡಿನ ಹಿಮದಲ್ಲಿ ಮೊದಲೇ ಸೆಟೆದುಕೊಂಡಿತ್ತು, ಅವಳಿಗೆ ನಡೆಯೋಕಾಗ್ತಿರಲಿಲ್ಲ. ನೀನು ಹೋಗು ಮಗಳೇ, ನಾನಿಲ್ಲೇ ಇರ್ತೀನಿ ಅಂದಳಂತೆ.

ಡೊರೋತ ಈಗ ಹದಿನೈದು ವರ್ಷದ ಹುಡುಗಿ, ದಾರಿ ಗುರುತಿಗೆ ನೆಡೋಕೆ ಒಂದು ಹೊರೆ ಕಡ್ಡಿ ಕಂಕುಳಲ್ಲಿ ಇಟ್ಕೊಂಡು ಮೂರನೇ ದಿನ ಮಂಜಿನೊಳಗೆ ನಡೆದೇಬಿಟ್ಟಳಂತೆ. ಪಕ್ಕದಲ್ಲಿ ಹೆಜ್ಜೆ ಸದ್ದು. ಒದ್ದೆ ಬಟ್ಟೆಯಿಂದ ತೊಟತೊಟ ನೀರು ಬೀಳೋ ಸದ್ದು.

ನೀನು ಯಾವ ಮನೆಯವಳು?

ದನಿ ಕೇಳಿದ್ದೇ ಅವಳಿಗೆ ಗುರುತು ಸಿಕ್ಕಿತಂತೆ. ಗಟ್ಟಿಯಾಗಿ, ಅಪ್ಪಾ, ನೀನ್ಯಾಕೆ ಬರಲಿಲ್ಲ, ಅಂತ ಕೇಳಿದಳು.

ಎಲ್ಲರೂ ದಾಟಿದರು ಅಂತ ಯಾರೂ ಬಂದು ಹೇಳಲಿಲ್ಲವಲ್ಲ, ಗಂಟೆ ಹೇಗೆ ನಿಲ್ಲಿಸಲಿ, ಅಂತಂತೆ ಆ ದನಿ.

ಆಗ ಅವಳು ಒಂದೊಂದೇ ಮನೆ ಹೆಸರು ಕೂಗಿದಳಂತೆ. ಗಿರಣಿಯವರ ಮನೆ, ನಾಲ್ಕು ಜನ ದಾಟಿದ್ರು ಅಪ್ಪಾ! ತೊರೆ ಪಕ್ಕದ ನೆಲದೊಳಗೆ ಢಣ್ ಅಂತು, ಅಲ್ಲಿ ಒಂದು ಕಡ್ಡಿ ನೆಟ್ಟಳು. ಕಮ್ಮಾರನ ಮನೆ, ಇಬ್ಬರು ದಾಟಿದ್ರು! ದಿಬ್ಬದ ಕೆಳಗೆ ಢಣ್ ಅಂತು, ಇನ್ನೊಂದು ಕಡ್ಡಿ. ನೇಕಾರರ ಮನೆ... ದಾಟಿದ್ರು ಅಪ್ಪಾ, ಆದ್ರೆ ಕಾಡಲ್ಲಿ ಒಬ್ಬರೂ ಉಳೀಲಿಲ್ಲ. ಈ ಸಲ ಗಂಟೆ, ಯಾರೋ ಬಿಕ್ಕಿದ ಹಾಗೆ, ಸಣ್ಣಗೆ, ಒಂದೇ ಸಲ. ಅಲ್ಲೂ ಒಂದು ಕಡ್ಡಿ ನೆಟ್ಟಳು. ಹೀಗೆ ಹತ್ತೊಂಬತ್ತು ಮನೆ ಮುಗೀತು.

ನಮ್ಮನೇದು ಯಾಕೆ ಹೇಳಲ್ಲ, ಅಂತ ಕೇಳಿತಂತೆ ದನಿ.

ಅಮ್ಮ ದಾಟಿದಳು, ನಾನು ದಾಟಿದೆ, ಅಂದಳು ಡೊರೋತ.

ನಮ್ಮನೇಲಿ ಮೂರು ಜನ ಅಲ್ವಾ ಮಗಳೇ?

ಅವಳು ಇದ್ದದ್ದನ್ನೇ ಹೇಳಿದಳಂತೆ. ಅಪ್ಪಾ, ನೀನು ಅವತ್ತೇ ತೀರಿಕೊಂಡೆ.

ಹೌದಾ, ಅಂತಂತೆ ದನಿ, ಮೆಲ್ಲಗೆ. ಅದಕ್ಕೇ ಇಷ್ಟೊಂದು ಚಳಿ.

ಆಮೇಲೆ ತಣ್ಣಗಿನ ಒಂದು ಕೈ ಅವಳ ತಲೆ ಸವರಿ ಹೋಯಿತಂತೆ. ಮಂಜು ಸರೀತು. ನೋಡಿದ್ರೆ ಅವಳು ಸೊಂಟದುದ್ದ ನೀರಲ್ಲಿ, ಕೆರೆಯೊಳಗೆ ನಿಂತಿದ್ದಾಳೆ, ಕಾಲಿಗೆ ಏನೋ ಗಟ್ಟಿಯಾಗಿ ತಾಕ್ತಿದೆ. ಊರವರು ಹಗ್ಗ ಕಟ್ಟಿ ಎಳೆದ್ರೆ ಕಂಚಿನ ಗಂಟೆ, ಅದನ್ನ ತಬ್ಬಿ ಹಿಡಿದ ಮತ್ಯೇಯನ ಮೂಳೆ. ಸಿಪಾಯಿಗಳಿಗೆ ಸಿಗಬಾರದು ಅಂತ ಗಂಟೆ ಬಿಚ್ಚಿ ಕೆರೆಗೆ ಉರುಳಿಸಿ, ಅದರ ಜೊತೆ ತಾನೂ ಮುಳುಗಿದ್ದನಂತೆ ಪುಣ್ಯಾತ್ಮ.

ಅವನನ್ನ ಮಣ್ಣು ಮಾಡಿ, ಕಡ್ಡಿ ನೆಟ್ಟ ಕಡೆ ಅಗೆದು ನೋಡಿದ್ರೆ, ಪ್ರತಿ ಕಡ್ಡಿ ಕೆಳಗೂ ಒಂದೊಂದು ಒಲೆಕಲ್ಲು! ಹಿಮ ಬೀಳೋ ಮುಂಚೆ ಎಲ್ಲರ ತಲೆ ಮೇಲೂ ಸೂರು ಬಂತಂತೆ. ನೇಕಾರರ ಜಾಗದಲ್ಲಿ ಮಾತ್ರ ಯಾರೂ ಮನೆ ಕಟ್ಟಲಿಲ್ಲ, ಹಾಗೇ ಬಿಟ್ಟರು. ಅನೇಶ್ಕ ಒಲೆ ಮುಂದೆ ಕೂತು ಕಾಲು ಕಾಯಿಸ್ಕೊಂಡು, ಬಹಳ ವರ್ಷ ಬದುಕಿದಳಂತೆ. ಡೊರೋತ ಆ ಊರಿಗೆ ಗಂಟೆ ಹೊಡೆಯೋಳಾದಳು. ಅವರೆಲ್ಲ ಅಲ್ಲಿ ಬೆಚ್ಚಗೆ ಮಲಗಿದರು, ಇಲ್ಲಿಗೆ ನನ್ನ ಕತೆ ಮುಗೀತು, ನೀನೂ ಕಣ್ಣು ಮುಚ್ಚು ಕಂದಾ.