ಹನ್ನೊಂದು ದಿನ ಎದುರಿಗೆ ಕೂತವನು

“ಫಾದರ್, ಮೈಮೇಲೆ ಸರಿಯಾಗಿ ಬಟ್ಟೆ ಇಲ್ದೆ ಕೂತಿರೋರನ್ನ ಗಂಟೆಗಟ್ಲೆ ನೋಡ್ತಾ ಚಿತ್ರ ಬರೆಯೋದು ಪಾಪ ಅಲ್ವಾ?”

ಕೇಳಿದವಳು ಸಗಾಯಮೇರಿ. ಕಾಲೇಜಿನಲ್ಲಿ ಚಿತ್ರಕಲೆ ಓದುತ್ತಿದ್ದಳು. ಸೋಮವಾರದಿಂದ ಅವಳ ತರಗತಿಯಲ್ಲಿ ಜೀವಂತ ಮನುಷ್ಯರನ್ನು ಎದುರಿಗೆ ಕೂರಿಸಿಕೊಂಡು ಬರೆಯುವ ಪಾಠ. ತಾನು ಕ್ರೈಸ್ತಳು, ತನ್ನನ್ನು ಆ ಪಾಠದಿಂದ ಬಿಡಬೇಕು ಎಂದು ಒಂದು ಪತ್ರ ಬರೆದು, ಇನ್ನಾಸಪ್ಪ ಗುರುಗಳ ರುಜು ಕೇಳಲು ಬಂದಿದ್ದಳು. ಆ ಪಾಠ ತಪ್ಪಿದರೆ ಮುಂದಿನ ವರ್ಷಕ್ಕೆ ದಾಟುವಂತಿರಲಿಲ್ಲ. ಅದು ಗೊತ್ತಿದ್ದೇ ಬಂದಿದ್ದಳು. ಚಿಕ್ಕಂದಿನಲ್ಲಿ ಅವಳಿಗೆ ಜ್ಞಾನೋಪದೇಶ ಕಲಿಸಿದವರು ಈ ಗುರುಗಳೇ. ಅವರು ಹೇಳಿದರೆ ಚಿತ್ರ ಬರೆಯುವುದನ್ನೇ ಬಿಟ್ಟುಬಿಡುವಷ್ಟು ನಂಬಿಕೆ ಅವಳಿಗೆ.

ಗುರುಗಳು ಪತ್ರವನ್ನು ಎರಡು ಸಲ ಓದಿದರು. ಅಕ್ಷರ ಚೆನ್ನಾಗಿದೆ ಎಂದರು. ಆಮೇಲೆ, ಪ್ರಶ್ನೆ ಕಿವಿಗೇ ಬಿದ್ದಿಲ್ಲವೆನ್ನುವ ಹಾಗೆ ಕತೆ ಶುರುಮಾಡಿದರು.

ಒಬ್ಬ ವಿದ್ಯಾರ್ಥಿ ಇದ್ದ. ಚರ್ಚಿನ ಗೋಡೆಯ ಮೇಲಿದ್ದ ಸಂತರನ್ನು ನೋಡಿ ನೋಡಿಯೇ ಚಿತ್ರ ಕಲಿತವನು. ಊರಿನವರು ಇವನು ದೊಡ್ಡ ಕಲಾವಿದನಾಗುತ್ತಾನೆಂದು ಹೊಗಳಿ ಅಟ್ಟಕ್ಕೇರಿಸಿ ಕಾಲೇಜಿಗೆ ಕಳಿಸಿದರು. ಅಲ್ಲಿ ಇದ್ದಿಲಿನಿಂದ ಬರೆಯಬೇಕು. ತಪ್ಪಾದರೆ ಅಳಿಸುವುದಕ್ಕೆ ಬ್ರೆಡ್ಡು. ತಿರುಳನ್ನು ಉಂಡೆ ಮಾಡಿ ಕಾಗದಕ್ಕೆ ಉಜ್ಜುವುದು, ಸುತ್ತಲಿನ ಅಂಚನ್ನು ಬಾಯಿಗೆ ಹಾಕಿಕೊಳ್ಳುವುದು. ತಿಂಡಿಗೆ ಕಾಸಿಲ್ಲದ ಹುಡುಗರು ಬೇಕೆಂದೇ ತಪ್ಪು ಬರೆಯುತ್ತಿದ್ದರು. ಸಂಜೆಯ ಹೊತ್ತಿಗೆ ಎಲ್ಲರ ಮೂಗೂ ಕಪ್ಪು, ಎಲ್ಲರಿಗೂ ನಗು. ಅಂಥ ದಿನಗಳು ಮತ್ತೆ ಬರಲಿಲ್ಲ ಎಂದು ಹೇಳಿ ಗುರುಗಳು ಕಿಟಕಿಯಾಚೆ ನೋಡತೊಡಗಿದರು. ಹೋದ ದಾರಿಯಿಂದ ಕತೆಯನ್ನು ಹಿಂದಕ್ಕೆ ಕರೆತರಲು ಸಗಾಯಮೇರಿಯೇ ಕೆಮ್ಮಬೇಕಾಯಿತು.

ಒಂದು ದಿನ ತರಗತಿಗೆ ಒಬ್ಬ ಹಮಾಲಿ ಬಂದ. ಅಕ್ಕಿ ಮಂಡಿಯಲ್ಲಿ ಮೂಟೆ ಹೊರುವ ಮುದುಕ. ಅಂಗಿ, ಪಂಚೆ ಕಳಚಿಟ್ಟು ಲಂಗೋಟಿಯಲ್ಲಿ ಸ್ಟೂಲಿನ ಮೇಲೆ ಕೂತ. ವಿದ್ಯಾರ್ಥಿಗೆ ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ. ಕಣ್ಣನ್ನು ಹದ್ದುಬಸ್ತಿನಲ್ಲಿಡಬೇಕೆಂದು ಮನೆಯಲ್ಲೂ ಚರ್ಚಿನಲ್ಲೂ ಹೇಳಿಸಿಕೊಂಡು ಬೆಳೆದವನು. ತಲೆ ತಗ್ಗಿಸಿದ. ಕಂಡದ್ದು ಮುದುಕನ ಪಾದ. ಪಾದ ನೋಡಿದರೆ ಪಾಪವಿಲ್ಲ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು, ಪಾದವನ್ನಷ್ಟೇ ಬರೆದ. ಮೇಷ್ಟ್ರು ದಿನವೂ ಹೆಸರು ಹಿಡಿದು ಬೈದರು, ಜೊತೆಯವರು ರೇಗಿಸಿದರು. ಅವನು ಜಪ್ಪಯ್ಯ ಅನ್ನಲಿಲ್ಲ. ಮುದುಕ ಬಂದು ಕೂತ ಹನ್ನೊಂದು ದಿನವೂ ತಲೆ ಎತ್ತಲಿಲ್ಲ.

ಬರೆದ ಪಾದವಾದರೂ ಹೇಗಿತ್ತು? ಆ ವಿದ್ಯಾರ್ಥಿಯ ಊರಿನಲ್ಲಿ ಪವಿತ್ರ ಗುರುವಾರ ಅಲ್ಲಿನ ಗುರುಗಳು ಹನ್ನೆರಡು ಜನರ ಕಾಲು ತೊಳೆಯುತ್ತಿದ್ದರು, ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ. ಆರಿಸಿದ ಹನ್ನೆರಡು ಜನ ಮಾತ್ರ ಮಧ್ಯಾಹ್ನವೇ ಇಟ್ಟಿಗೆ ಚೂರಿನಿಂದ ಹಿಮ್ಮಡಿ ತಿಕ್ಕಿ, ಎರಡು ಸಲ ಸೋಪು ಹಾಕಿ, ದೂಳು ತಾಗದಂತೆ ಸೈಕಲ್ಲಿನ ಹಿಂದೆ ಕೂತು ಚರ್ಚಿಗೆ ಬರುತ್ತಿದ್ದರು. ಆ ಗುರುಗಳಿಗೆ ತೊಳೆಯಲು ಏನೂ ಉಳಿಯುತ್ತಿರಲಿಲ್ಲ. ಸಗಾಯಮೇರಿಗೆ ನಗು ಬಂತು. ಅವಳ ಅಪ್ಪನೂ ಹಾಗೆಯೇ ಮಾಡಿದ್ದ.

ನಾಲ್ಕು ಜನರಿಗೆ ತೋರಿಸುವ ಕಾಲು ಹಾಗೆಯೇ ಇರಬೇಕೆಂದು ವಿದ್ಯಾರ್ಥಿಯ ಕೈಗೂ ರೂಢಿಯಾಗಿಬಿಟ್ಟಿತ್ತು. ಬಿರುಕು ಮುಚ್ಚಿದ, ಸೀಳಿದ ಉಗುರನ್ನು ದುಂಡಗೆ ಮಾಡಿದ. ಅದು ಮರ್ಯಾದೆ ಎಂದೇ ತಿಳಿದಿದ್ದ.

ಕೊನೆಯ ದಿನ ಹಮಾಲಿ ಪಂಚೆ ಸುತ್ತಿಕೊಂಡು, ಎಲ್ಲರ ಚಿತ್ರ ನೋಡುತ್ತಾ ಬಂದ. ವಿದ್ಯಾರ್ಥಿಯ ಕಾಗದದ ಮುಂದೆ ನಿಂತ.

“ಇವ್ಯಾರ ಕಾಲು, ಸ್ವಾಮಿ?”

“ನಿಮ್ದೇ, ತಾತ,” ಎಂದ ವಿದ್ಯಾರ್ಥಿ, ಕಾಗದದಿಂದ ಕಣ್ಣು ಕೀಳದೆ.

ಮುದುಕ ಬಗ್ಗಿ ತನ್ನ ಪಾದವನ್ನೊಮ್ಮೆ ನೋಡಿಕೊಂಡ. “ಈ ಕಾಲ್ನಾಗೆ ಒಂದು ಮೂಟೆನೂ ಹೊರಾಕಾಗಕಿಲ್ಲ ಕಣಪ್ಪ,” ಎಂದು ಹೇಳಿ ಹೊರಟುಹೋದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ವಿದ್ಯಾರ್ಥಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಮಾರನೆಯ ದಿನ ಬೆಳಗ್ಗೆ ಅವನು ಕಾಗದ, ಇದ್ದಿಲು ಹಿಡಿದು ಮಂಡಿಗೆ ಹೋದ. ಮುದುಕನ ಕ್ಷಮೆ ಕೇಳಬೇಕು, ಇನ್ನೊಮ್ಮೆ ಎದುರಿಗೆ ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು, ಇಷ್ಟೇ ಅವನ ಆಸೆ. ಮಂಡಿಯಲ್ಲಿ ಐವತ್ತು ಜನ ಮೂಟೆ ಹೊರುತ್ತಿದ್ದರು. ವಯಸ್ಸಾದವರೇ ಹತ್ತು ಹದಿನೈದು ಜನ. ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಆಗ ಅವನಿಗೆ ಗೊತ್ತಾಯಿತು. ಆ ಮುಖವನ್ನು ಅವನು ನೋಡಿಯೇ ಇರಲಿಲ್ಲ. ಮೀಸೆ ಇತ್ತೋ ಇಲ್ಲವೋ, ಅದೂ ತಿಳಿಯದು. ಪಾದಗಳನ್ನು ನೋಡಿದ. ಎಲ್ಲವೂ ದೂಳು ಮೆತ್ತಿದವು, ಎಲ್ಲವೂ ಬಿರಿದವು. ಯಾರನ್ನಾದರೂ ಕೇಳೋಣವೆಂದರೆ ಮುದುಕನ ಹೆಸರೇ ಗೊತ್ತಿಲ್ಲ. ಮೂಟೆಗಳ ನಡುವೆ ನಿಂತ ಅವನಿಗೆ ಅಳು ಬಂತು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿ, ಕನ್ನಡಕ ತೆಗೆದು ಒರೆಸತೊಡಗಿದರು. ಸಗಾಯಮೇರಿ ಕಾದಳು. ಗುರುಗಳು ಒರೆಸುತ್ತಲೇ ಇದ್ದರು.

“ಆಮೇಲೆ ಏನಾಯ್ತು ಫಾದರ್? ಅವ್ನಿಗೆ ಆ ತಾತನ ಗುರುತು ಸಿಕ್ತಾ?”

“ಇಲ್ಲಮ್ಮ,” ಎಂದರು ಗುರುಗಳು. “ಅವರೇ ನನ್ನ ಹೆಸರು ಹಿಡಿದು ಕರೆದರು.”