ಹೆಚ್ಚಿಗೆ ಕಲಿತ ಡೊಳ್ಳು

ಪದವಿಗೆ ಬೇಕಾದಷ್ಟೇ ಕ್ರೆಡಿಟ್ ಓದಿ ಬೇಗ ಹೊರಡಿ, ಹೆಚ್ಚಿನದು ಬೇಡ ಎಂದು ಸರ್ಕಾರ ಕಾಲೇಜು ಮಕ್ಕಳಿಗೆ ಬುದ್ಧಿ ಹೇಳಿತು. ಪುಸ್ತಕ ಮುಟ್ಟಿ ಎಷ್ಟೋ ವರ್ಷವಾಗಿದ್ದ ಪ್ರಾಂಶುಪಾಲ ಸಂಗನಬಸಪ್ಪನವರಿಗೆ ಅಷ್ಟಕ್ಕೇ ಕೊಂಬು ಬಂತು. ಬಿ.ಎ. ಮುಗಿಸಿದ ನೀಲಗಂಗಾ ಓದಿನ ಜೊತೆಗೇ ಆಸೆಪಟ್ಟು ಕಾಲೇಜಿನ ಡೊಳ್ಳಿನ ತರಗತಿಗೂ ಸೇರಿದ್ದಳು. ಅದೇ ತಪ್ಪೆಂದು ಅವರು ಅವಳ ಪದವಿಯನ್ನೇ ತಡೆದರು.

"ಬೇಡದ ವಿದ್ಯೆ ಕಲಿಯೋದು ಸರ್ಕಾರದ ಅನ್ನ ಕದ್ದಂಗ. ಹೆಚ್ಚಿಗೆ ಕಲಿತದ್ದನ್ನ ತಂದು ಒಪ್ಪಸು, ಆಮ್ಯಾಲ ಪದವಿ ಕೇಳು," ಎಂದು ಗುಡುಗಿದರು.

ಬಿ.ಎಡ್. ಸೇರುವ ಗಡುವು ಹತ್ತಿರವಾಗಿತ್ತು. ಅವಳಿಗೆ ಅಳು ಬಂತು. ಬಾಗಿಲು ದಾಟುವಷ್ಟರಲ್ಲಿ ನಗುವೂ ಬಂತು.

ಮರುದಿನ ಡೊಳ್ಳು ಕಟ್ಟಿಕೊಂಡೇ ಬಂದಳು. "ಒಪ್ಪಸಾಕ ಬಂದೀನ್ರಿ ಸರ," ಎಂದವಳೇ ಅವರ ಮೇಜಿನ ಮುಂದೆ ನಿಂತು ಬಾರಿಸತೊಡಗಿದಳು. ಕಿಟಕಿಯ ಗಾಜು ನಡುಗಿತು. ಸಾಹೇಬರ ಚಹಾ ಚೆಲ್ಲಿತು. ಹುಡುಗರೆಲ್ಲ ಬಾಗಿಲಿಗೆ ಮುತ್ತಿದರು.

"ಏ, ನಿಲ್ಲಸು!"

"ಇದು ಮೊದಲನೇ ಪಾಠ ರೀ. ವರ್ಷಪೂರ್ತಿ ಕಲಿತದ್ದೈತಿ, ಒಪ್ಪಸಾಕೂ ವರ್ಷ ಬೇಕು."

"ಬಂತು, ಎಲ್ಲಾ ಬಂತು!" ಎಂದು ಚೀರಿ, ಸಂಗನಬಸಪ್ಪನವರು ಅವಳ ಪದವಿಯ ಕಾಗದಕ್ಕೆ ಸಹಿ ಗೀಚಿದರು.

ನೀಲಗಂಗಾ ಕಾಗದ ಮಡಚಿಕೊಂಡಳು. "ಎಲ್ಲಾ ಬಂತಂದ್ರ ಡೊಳ್ಳು ಈಗ ನಿಮಗೂ ಬರ್ತೈತ್ರಿ. ಜ್ವಾಕಿ ಸರ, ನಿಮ್ಮ ಕ್ರೆಡಿಟ್ ಹೆಚ್ಚಾತು!"